ಎಲೆಯ ತುಂಡಿನಿಂದ ಗಿಡ: ಹಾರ್ಮೋನು ಕೊಡುವುದು, ಕಿತ್ತುಕೊಳ್ಳುವುದು

ನನ್ನ ಹಳೆಯ ಲ್ಯಾಬ್ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಕೆಂಪು ಶಾಯಿಯಲ್ಲಿ ಇಷ್ಟೇ ಬರೆದಿದೆ: "ಬಿಎಪಿ 10. ಹಾಳು." ಬಿಎಪಿ ಎಂದರೆ ಚಿಗುರು ಹುಟ್ಟಿಸುವ ಒಂದು ಹಾರ್ಮೋನು. ಎಲೆಯ ತುಂಡು ಬೆಳೆಸುವ ಪೋಷಕ ಪಾಕಕ್ಕೆ, ಅಂದರೆ ಮೀಡಿಯಕ್ಕೆ, ಲೀಟರಿಗೆ 1 ಮಿಲಿಗ್ರಾಂ ಹಾಕಬೇಕಿದ್ದ ದಿನ 10 ಮಿಲಿಗ್ರಾಂ ಹಾಕಿದ್ದೆ. ದಶಮಾಂಶದ ಚುಕ್ಕೆ ಒಂದು ಮನೆ ಜರುಗಿತ್ತು, ಅಷ್ಟೆ. ಐದನೇ ವಾರಕ್ಕೆ ನೋಡಿದರೆ ಬಾಟಲಿ ತುಂಬ ಹೂಕೋಸಿನಂಥ ಮುದ್ದೆ. ಲೆಕ್ಕ ಮಾಡಲಾಗದಷ್ಟು ಮೊಗ್ಗು, ಒಂದಾದರೂ ಮೇಲೇಳುವುದಿಲ್ಲ. ಎಲೆಗಳು ನೀರು ಕುಡಿದ ಗಾಜಿನ ಹಾಗೆ, ಚಿಮಟ ತಗುಲಿದರೆ ಪಟ್ಟನೆ ಮುರಿಯುತ್ತಿದ್ದವು. ಬಿಸಾಡಲು ಮನಸ್ಸಾಗದೆ ಹತ್ತು ಮುದ್ದೆಗಳನ್ನು ಹಾರ್ಮೋನೇ ಇಲ್ಲದ ಮೀಡಿಯಕ್ಕೆ ಬದಲಿಸಿದೆ. ಮೂರು ವಾರ ಏನೂ ಆಗಲಿಲ್ಲ. ಮತ್ತೊಮ್ಮೆ ಬದಲಿಸಿದೆ. ಆಗ ಅಂಚಿನಿಂದ ಒಂದೊಂದೇ ಚಿಗುರು ನೆಟ್ಟಗೆ ಎದ್ದಿತು, ಎಲೆ ಎಲೆಯಂತಾಯಿತು.

ಅದಾಗಿ ಬಹಳ ವರ್ಷ ಈ ಕೆಲಸ ಮಾಡಿದ್ದೇನೆ. ಕಲಿಯಲು ಬಂದ ಹುಡುಗ ಹುಡುಗಿಯರೆಲ್ಲ ಮೊದಲ ವಾರವೇ ಕೇಳುವ ಪ್ರಶ್ನೆ ಒಂದೇ: "ಮೇಡಂ, ಎಷ್ಟು ಹಾಕಬೇಕು?" ಯಾವಾಗ ತೆಗೆಯಬೇಕು ಎಂದು ಕೇಳಿದವರು ಇಬ್ಬರೋ ಮೂವರೋ. ಅಂಗಾಂಶ ಕೃಷಿಯಲ್ಲಿ, ಅಂದರೆ ಗಿಡದ ಸಣ್ಣ ತುಂಡನ್ನು ಬಾಟಲಿಯಲ್ಲಿ ಬೆಳೆಸಿ ಹೊಸ ಗಿಡ ಮಾಡುವ ಈ ಕೆಲಸದಲ್ಲಿ, ಗಿಡ ಸಿಗುವುದೂ ಕೈತಪ್ಪುವುದೂ ಹೆಚ್ಚಾಗಿ ಆ ಎರಡನೇ ಪ್ರಶ್ನೆಯ ಮೇಲೆ. ಆದ್ದರಿಂದ ಇದನ್ನು ಓದುವಾಗ ಪ್ರಮಾಣಗಳ ಜೊತೆಗೆ ದಿನಗಳ ಮೇಲೂ ಕಣ್ಣಿಡಿ.

ಎರಡು ಹಾರ್ಮೋನು, ಒಂದು ತಕ್ಕಡಿ

ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದವು ಎರಡು ಗುಂಪಿನ ಹಾರ್ಮೋನುಗಳು. ಆಕ್ಸಿನ್ ಗುಂಪಿನಲ್ಲಿ ಐಎಎ, ಐಬಿಎ, ಎನ್‌ಎಎ, 2,4-ಡಿ ಬರುತ್ತವೆ. ಸೈಟೋಕೈನಿನ್ ಗುಂಪಿನಲ್ಲಿ ಕೈನೆಟಿನ್, ಬಿಎಪಿ, ಜಿಯಾಟಿನ್. ಅವುಗಳಂತೆಯೇ, ಆದರೆ ಬಹಳ ಜೋರಾಗಿ ಕೆಲಸ ಮಾಡುವ ಟಿಡಿಜೆಡ್ (ಥಿಡಿಯಾಜುರಾನ್) ಕೂಡ ಇದೆ. ಆಕ್ಸಿನ್ ಕಡೆ ತೂಕ ಹೆಚ್ಚಾದರೆ ಬೇರು, ಸೈಟೋಕೈನಿನ್ ಕಡೆ ಹೆಚ್ಚಾದರೆ ಚಿಗುರು, ಎರಡೂ ಸಮಸಮವಾಗಿ ಸಾಕಷ್ಟಿದ್ದರೆ ರೂಪವಿಲ್ಲದ ಕೋಶಗಳ ಗಡ್ಡೆ, ಅಂದರೆ ಕ್ಯಾಲಸ್. ತಂಬಾಕಿನ ಕಾಂಡದ ತಿರುಳಿನ ಮೇಲೆ ಇದನ್ನು 1957ರಲ್ಲಿ ತೋರಿಸಿಕೊಟ್ಟವರು ಫೋಕ್ ಸ್ಕೂಗ್ ಮತ್ತು ಕಾರ್ಲೋಸ್ ಮಿಲ್ಲರ್.

ಅದಕ್ಕೆ ಎರಡು ವರ್ಷ ಮೊದಲು ಕೈನೆಟಿನ್ ಸಿಕ್ಕ ಕಥೆ ನನಗೆ ಬಲು ಇಷ್ಟ. ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎ ಇದ್ದ ಹಳೆಯ ಸೀಸೆಯೊಂದು ಕೋಶಗಳನ್ನು ಚೆನ್ನಾಗಿ ವಿಭಜಿಸುತ್ತಿತ್ತು. ಅದು ಮುಗಿದ ಮೇಲೆ ತರಿಸಿದ ಹೊಸ ಡಿಎನ್‌ಎ ಏನೂ ಮಾಡಲಿಲ್ಲ. ಹೊಸದನ್ನೇ ಆಟೋಕ್ಲೇವಿನಲ್ಲಿ, ಅಂದರೆ ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರದಲ್ಲಿ, ಬೇಯಿಸಿದಾಗ ಮತ್ತೆ ಕೆಲಸ ಮಾಡಿತು. ಹಳತಾಗಿ ಕೊಳೆತದ್ದರಲ್ಲಿ, ಬೆಂದು ಮುರಿದದ್ದರಲ್ಲಿ ಆ ವಸ್ತು ಹುಟ್ಟುತ್ತಿತ್ತು. ಕಪಾಟಿನ ಹಳೆಯ ಸೀಸೆ ಎಸೆಯುವಾಗಲೆಲ್ಲ ನನಗಿದು ನೆನಪಾಗುತ್ತದೆ. ಆದರೂ ಎಸೆಯುತ್ತೇನೆ, ನೀವೂ ಎಸೆಯಿರಿ.

ಸ್ಟಾಕ್ ಮಾಡುವುದು

ಸ್ಟಾಕ್ ಎಂದರೆ ಬೇಕಾದಾಗ ಅಳೆದು ಹಾಕಲು ಮೊದಲೇ ಕರಗಿಸಿಟ್ಟ ದಪ್ಪ ದ್ರಾವಣ. ತಪ್ಪು ಹೆಚ್ಚಾಗಿ ಹುಟ್ಟುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಬಿಎಪಿ ಪುಡಿ ನೀರಿನಲ್ಲಿ ನೇರವಾಗಿ ಕರಗುವುದಿಲ್ಲ. 100 ಮಿಲಿಗ್ರಾಂ ತೂಗಿ ಸಣ್ಣ ಬೀಕರಿಗೆ ಹಾಕಿ, 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಡುತ್ತ ಅಲ್ಲಾಡಿಸಿ. ದ್ರವ ತಿಳಿಯಾದ ಕೂಡಲೇ ಹನಿ ನಿಲ್ಲಿಸಿ. ಆಮೇಲೆ ಬಟ್ಟಿ ಇಳಿಸಿದ ನೀರನ್ನು ಕಲಕುತ್ತಲೇ ಸೇರಿಸಿ 100 ಮಿಲಿಲೀಟರಿಗೆ ತನ್ನಿ. ನೀರನ್ನು ಒಮ್ಮೆಲೇ ಸುರಿದರೆ ಕರಗಿದ ಪುಡಿ ಮತ್ತೆ ಬೆಳ್ಳಗೆ ಹೊರಬರುತ್ತದೆ. ಎನ್‌ಎಎ, ಐಬಿಎ, 2,4-ಡಿ ಮೂರನ್ನೂ ಇದೇ ರೀತಿ ಕರಗಿಸಬಹುದು, ಇಲ್ಲವೇ ಮೊದಲು ಸ್ವಲ್ಪ ಎಥನಾಲಿನಲ್ಲಿ ಕರಗಿಸಿಕೊಳ್ಳಬಹುದು. ಈಗ ನಿಮ್ಮ ಬಳಿ ಇರುವುದು ಮಿಲಿಲೀಟರಿಗೆ 1 ಮಿಲಿಗ್ರಾಂ ಸ್ಟಾಕ್. ಲೀಟರ್ ಮೀಡಿಯಕ್ಕೆ ಇದರಲ್ಲಿ 1 ಮಿಲಿಲೀಟರ್ ಹಾಕಿದರೆ 1 ಮಿಲಿಗ್ರಾಂ ಆಯಿತು.

ಇದೇ ಸ್ಟಾಕಿನಿಂದ 10 ಮಿಲಿಲೀಟರ್ ತೆಗೆದು 100ಕ್ಕೆ ತಂದು, ಹತ್ತು ಪಟ್ಟು ತೆಳುವಾದ ಎರಡನೇ ಸೀಸೆ ಮಾಡಿಡಿ. ದೊಡ್ಡ ಪ್ರಮಾಣಕ್ಕೆ ದಪ್ಪ ಸ್ಟಾಕ್, ಸಣ್ಣ ಪ್ರಮಾಣಕ್ಕೆ ತೆಳು ಸ್ಟಾಕ್. ಆಗ ಪಿಪೆಟ್ಟಿನಲ್ಲಿ 15 ಮೈಕ್ರೋಲೀಟರಿನಂಥ ಹನಿಗಳನ್ನು ಹಿಡಿಯುವ ಸರ್ಕಸ್ಸು ತಪ್ಪುತ್ತದೆ. ಎರಡು ಸೀಸೆಗೂ ಬೇರೆ ಬೇರೆ ಬಣ್ಣದ ಚೀಟಿ ಅಂಟಿಸಿ. ನನ್ನ ಕೆಂಪು ಶಾಯಿಯ ಪುಟ ಹುಟ್ಟಿದ್ದೇ ಎರಡಕ್ಕೂ ಒಂದೇ ಬಣ್ಣದ ಚೀಟಿ ಅಂಟಿಸಿದ್ದರಿಂದ. ಮೇಲೆ ಹೆಸರು, ಸಾಂದ್ರತೆ, ಮಾಡಿದ ದಿನ ಬರೆದು ಬೆಳಕು ತಾಗದಂತೆ ಫಾಯಿಲ್ ಸುತ್ತಿ 4 ಡಿಗ್ರಿಯಲ್ಲಿಡಿ. ಎರಡು ಮೂರು ತಿಂಗಳಾದರೆ ಹೊಸದು ಮಾಡಿ.

ಮತ್ತೊಂದು ಗುಂಡಿ ಇದೆ. ಕೆಲವು ವಿಧಾನಗಳಲ್ಲಿ ಪ್ರಮಾಣವನ್ನು ಮಿಲಿಗ್ರಾಂನಲ್ಲಿ ಕೊಟ್ಟಿರುತ್ತಾರೆ, ಕೆಲವದರಲ್ಲಿ ಮೈಕ್ರೋಮೋಲಾರಿನಲ್ಲಿ, ಅಂದರೆ ತೂಕದ ಬದಲು ಅಣುಗಳ ಎಣಿಕೆಯಲ್ಲಿ. 2,4-ಡಿಯ ಅಣುತೂಕ 221. ಹಾಗಾಗಿ 2 ಮೈಕ್ರೋಮೋಲಾರ್ ಎಂದರೆ ಲೀಟರಿಗೆ 0.44 ಮಿಲಿಗ್ರಾಂ ಮಾತ್ರ. ಅದನ್ನು 2 ಮಿಲಿಗ್ರಾಂ ಎಂದು ಓದಿಕೊಂಡರೆ ನಾಲ್ಕೂವರೆ ಪಟ್ಟು ಹೆಚ್ಚು ಕೊಟ್ಟಂತೆ. 2,4-ಡಿ ಕಳೆನಾಶಕವೂ ಹೌದು ಎಂಬುದು ಮರೆಯಬಾರದು. ಬಿಎಪಿಯ ಅಣುತೂಕ 225.25, ಎನ್‌ಎಎ 186.2, ಐಬಿಎ 203.2. ಈ ನಾಲ್ಕನ್ನು ಸೋಸಿದ ಗಾಳಿ ಬೀಸುವ ಕೆಲಸದ ಪೆಟ್ಟಿಗೆಯ, ಅಂದರೆ ಹುಡ್‌ನ ಪಕ್ಕದ ಗೋಡೆಗೆ ಬರೆದು ಅಂಟಿಸಿ.

ಶಾಖ ತಡೆಯುವ ಶಕ್ತಿ ಎಲ್ಲಕ್ಕೂ ಒಂದೇ ಅಲ್ಲ. ಬಿಎಪಿ, ಕೈನೆಟಿನ್, ಎನ್‌ಎಎ, 2,4-ಡಿ ಮೀಡಿಯದ ಜೊತೆಗೇ ಆಟೋಕ್ಲೇವಿಗೆ ಹೋಗಬಹುದು. ಐಎಎ ಶಾಖಕ್ಕೂ ಬೆಳಕಿಗೂ ಸೋಲುತ್ತದೆ. ಐಎಎ, ಜಿಯಾಟಿನ್, ಜಿಬ್ಬರೆಲಿಕ್ ಆಸಿಡ್ (ಇನ್ನೊಂದು ಸಸ್ಯ ಹಾರ್ಮೋನು) ಇವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಆಟೋಕ್ಲೇವಿನಿಂದ ಬಂದ ಮೀಡಿಯ ಕೈ ತಡೆಯುವಷ್ಟು ಆರಿದ ಮೇಲೆ ಹುಡ್‌ನೊಳಗೆ ಸೇರಿಸಬೇಕು.

ಮೀಡಿಯ

ಎಂಎಸ್ ಮೀಡಿಯ ಎಂದರೆ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿಗೆಂದು ಮಾಡಿದ ಪಾಕ. ಲೀಟರಿಗೆ ಅಮೋನಿಯಂ ನೈಟ್ರೇಟ್ 1650, ಪೊಟ್ಯಾಸಿಯಂ ನೈಟ್ರೇಟ್ 1900, ಕ್ಯಾಲ್ಸಿಯಂ ಕ್ಲೋರೈಡ್ 440, ಮೆಗ್ನೀಸಿಯಂ ಸಲ್ಫೇಟ್ 370, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 170 ಮಿಲಿಗ್ರಾಂ; ಜೊತೆಗೆ ಕಬ್ಬಿಣ, ಸೂಕ್ಷ್ಮ ಪೋಷಕಾಂಶ, ವಿಟಮಿನ್. ಸಿದ್ಧ ಪುಡಿ ಸಿಗುತ್ತದೆ, ಅದನ್ನೇ ತಗೊಳ್ಳಿ. ಇಪ್ಪತ್ತು ಡಬ್ಬಿಗಳನ್ನು ತೂಗುತ್ತ ಕೂರುವುದರಲ್ಲಿ ಯಾವ ಪುಣ್ಯವೂ ಇಲ್ಲ.

ಪುಡಿ ಕರಗಿಸಿ, ಲೀಟರಿಗೆ 30 ಗ್ರಾಂ ಸಕ್ಕರೆ ಹಾಕಿ, ಹಾರ್ಮೋನು ಸೇರಿಸಿ, ನೀರು ತುಂಬಿ, ಪಿಎಚ್ 5.8ಕ್ಕೆ ತನ್ನಿ. ಮೀಡಿಯವನ್ನು ಗಟ್ಟಿಯಾಗಿಸುವ ಅಗಾರ್ ಹಾಕುವುದು ಪಿಎಚ್ ಸರಿಮಾಡಿದ ಮೇಲೆ, ಲೀಟರಿಗೆ 8 ಗ್ರಾಂ. ಪಿಎಚ್ 5ಕ್ಕಿಂತ ಕೆಳಗಿದ್ದರೆ ಅಗಾರ್ ಸರಿಯಾಗಿ ಗಟ್ಟಿಯಾಗದೆ ಲೊಳಲೊಳ ಆಗುತ್ತದೆ. 121 ಡಿಗ್ರಿ, 15 ಪೌಂಡ್ ಒತ್ತಡ, 20 ನಿಮಿಷ. ಇನ್ನೂ ಹತ್ತು ನಿಮಿಷ ಇರಲಿ ಎಂಬ ದುರಾಸೆ ಬೇಡ. ಸಕ್ಕರೆ ಕಂದು ಬಣ್ಣಕ್ಕೆ ತಿರುಗಿ, ಅಗಾರ್ ಸಡಿಲವಾಗುತ್ತದೆ. ಆಟೋಕ್ಲೇವಿನಿಂದ ತೆಗೆದ ಬಾಟಲಿಗಳನ್ನು ಅಂದೇ ಬಳಸದೆ ನಾಲ್ಕೈದು ದಿನ ಸುಮ್ಮನೆ ಶೆಲ್ಫಿನಲ್ಲಿಡಿ. ಬೂಸ್ಟು ಬರುವುದಿದ್ದರೆ ಖಾಲಿ ಮೀಡಿಯದಲ್ಲೇ ಬರಲಿ, ಗಿಡವಾದರೂ ಉಳಿಯುತ್ತದೆ.

ತಂಬಾಕು ಎಂಬ ಮೇಷ್ಟ್ರು

ನಿಮಗೆ ಬೇಕಾದ ಬೆಳೆ ಯಾವುದೇ ಇರಲಿ, ಕೈ ಪಳಗಿಸಿಕೊಳ್ಳುವುದು ತಂಬಾಕಿನ ಎಲೆಯ ಮೇಲೆ. ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಬೆಳೆ ಇನ್ನೊಂದಿಲ್ಲ.

ಹೊರಗೆ ಬೆಳೆದ ಗಿಡದ ಎಲೆ ತರಬೇಡಿ. ಎಲೆಯ ರೋಮಗಳ ಸಂದಿಯಲ್ಲಿ ಕೂತ ಬೂಸ್ಟನ್ನು ಕೊಲ್ಲುವ ಹೊತ್ತಿಗೆ ಎಲೆಯೂ ಬೆಂದಿರುತ್ತದೆ. ಬೀಜವನ್ನೇ ಶುದ್ಧ ಮಾಡಿ ಬಾಟಲಿಯೊಳಗೆ ಮೊಳೆಸಿದರೆ ಮುಂದೆ ಎಲೆ ತೊಳೆಯುವ ಕೆಲಸವೇ ಇರುವುದಿಲ್ಲ. ಬೀಜ ಧೂಳಿನಷ್ಟು ಸಣ್ಣದು. ಸಣ್ಣ ಟ್ಯೂಬಿಗೆ ಹಾಕಿ, 70 ಪ್ರತಿಶತ ಎಥನಾಲಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ, ಆಮೇಲೆ 1 ಪ್ರತಿಶತ ಸೋಡಿಯಂ ಹೈಪೋಕ್ಲೋರೈಟಿನಲ್ಲಿ 10 ನಿಮಿಷ. ಅದಕ್ಕೆ ಟ್ವೀನ್-20 ಎಂಬ ಸಾಬೂನಿನಂಥ ದ್ರವ ಒಂದು ಹನಿ ಹಾಕಿದರೆ ದ್ರಾವಣ ಬೀಜಕ್ಕೆ ಚೆನ್ನಾಗಿ ಅಂಟುತ್ತದೆ. ನಂತರ ಆಟೋಕ್ಲೇವ್ ಮಾಡಿದ ನೀರಿನಲ್ಲಿ ಐದು ಸಲ ತೊಳೆಯಿರಿ. ಹಳೆಯ ವಿಧಾನಗಳಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಎಂದಿರುತ್ತದೆ. ಕೆಲಸವೇನೋ ಮಾಡುತ್ತದೆ, ಆದರೆ ಪಾದರಸದ ವಿಷ. ತೊಳೆದ ನೀರನ್ನು ಎಲ್ಲೂ ಸುರಿಯುವಂತಿಲ್ಲ. ನಾನು ಅದನ್ನು ಬಿಟ್ಟು ಬಹಳ ಕಾಲವಾಯಿತು.

ಬೀಜಗಳನ್ನು ಅರ್ಧ ಶಕ್ತಿಯ (ಲವಣ ಅರ್ಧದಷ್ಟೇ ಇರುವ) ಎಂಎಸ್ ಮೀಡಿಯದ ಮೇಲೆ, ಹಾರ್ಮೋನಿಲ್ಲದೆ, ಬೆಳಕಿನಲ್ಲಿ ಬಿಡಿ. ನಾಲ್ಕರಿಂದ ಆರು ವಾರಕ್ಕೆ ಕತ್ತರಿಸಲು ಬರುವ ಎಲೆ ಇರುತ್ತದೆ.

ಅಷ್ಟರಲ್ಲಿ ಒಂಬತ್ತು ಬಗೆಯ ಮೀಡಿಯ ಮಾಡಿಕೊಳ್ಳಿ. ಬಿಎಪಿ ಮೂರು ಮಟ್ಟ: 0, 0.1, 1 ಮಿಲಿಗ್ರಾಂ. ಎನ್‌ಎಎ ಮೂರು ಮಟ್ಟ: ಅವೇ 0, 0.1, 1. ಮೂರು ಮೂರಲೆ ಒಂಬತ್ತು. ಒಂದೊಂದು ಬಗೆಗೆ ಐದು ಬಾಟಲಿ, ಬಾಟಲಿಗೆ 25 ಮಿಲಿಲೀಟರ್, ಅಂದರೆ ಬಗೆಗೆ 125. ಚೆಲ್ಲುವುದಕ್ಕೆ ಸೇರಿಸಿ 150 ಮಿಲಿಲೀಟರ್ ಮಾಡಿ. 150 ಮಿಲಿಲೀಟರಿಗೆ ದಪ್ಪ ಸ್ಟಾಕಿನಿಂದ 150 ಮೈಕ್ರೋಲೀಟರ್ ಹಾಕಿದರೆ 1 ಮಿಲಿಗ್ರಾಂ ಮಟ್ಟ, ತೆಳು ಸ್ಟಾಕಿನಿಂದ ಅಷ್ಟೇ 150 ಹಾಕಿದರೆ 0.1 ಮಟ್ಟ. ಪಿಪೆಟ್ಟನ್ನು ಒಮ್ಮೆ 150ಕ್ಕೆ ತಿರುಗಿಸಿದರೆ ಮತ್ತೆ ಮುಟ್ಟುವಂತಿಲ್ಲ. ಎರಡು ಸೀಸೆ ಮಾಡಿಸಿದ್ದು ಇದಕ್ಕೇ.

ಹುಡ್ ಅನ್ನು 20 ನಿಮಿಷ ಮೊದಲೇ ಚಾಲೂ ಮಾಡಿ, ಮೇಲ್ಮೈಯನ್ನು 70 ಪ್ರತಿಶತ ಎಥನಾಲಿನಿಂದ ಒರೆಸಿ. ಯುವಿ ದೀಪ ಉರಿಯುವಾಗ ಕೈಯನ್ನಾಗಲಿ ಕಣ್ಣನ್ನಾಗಲಿ ಒಳಗಿಡಬಾರದು. ಎಥನಾಲ್ ಹಚ್ಚಿದ ಕೈ ಪೂರ್ತಿ ಒಣಗುವ ತನಕ ದೀಪದ ಹತ್ತಿರ ತರಬೇಡಿ. ಉರಿಯುವ ಚಿಮಟವನ್ನು ಎಥನಾಲಿನ ಲೋಟಕ್ಕೆ ವಾಪಸು ಅದ್ದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜ್ವಾಲೆ ಮೇಲಕ್ಕೆ ಎದ್ದ ಆ ಎರಡು ಕ್ಷಣ ಯಾರೂ ಅಲುಗಲಿಲ್ಲ. ಆಮೇಲೆ ಒಬ್ಬಳು ಗಾಜಿನ ಮುಚ್ಚಳ ಕವುಚಿದಳು, ಆರಿತು. ಅಂದಿನಿಂದ ಲೋಟದ ಪಕ್ಕದಲ್ಲಿ ಮುಚ್ಚಳ ಇಲ್ಲದೆ ಕೂರುವುದಿಲ್ಲ.

ಎಲೆಯ ನಡುನರ ಬಿಟ್ಟು, ಸುತ್ತಲಿನ ಅಂಚೂ ಕತ್ತರಿಸಿ, 1 ಸೆಂಟಿಮೀಟರಿನ ಚೌಕ ಮಾಡಿ. ಹೊಸ ಬ್ಲೇಡೇ ಬೇಕು. ಮೊಂಡು ಬ್ಲೇಡು ಅಂಚನ್ನು ಜಜ್ಜುತ್ತದೆ, ಜಜ್ಜಿದ ಕೋಶ ಕಪ್ಪಾಗುತ್ತದೆ, ನಿಮಗೆ ಬೇಕಾದ ಚಿಗುರು ಹುಟ್ಟಬೇಕಾದದ್ದೇ ಆ ಅಂಚಿನಲ್ಲಿ. ತುಂಡುಗಳನ್ನು ಮೀಡಿಯದ ಮೇಲೆ ಚಪ್ಪಟೆಯಾಗಿ ಒತ್ತಿ ಕೂರಿಸಿ, ಒಳಗೆ ಹೂಳಬೇಡಿ. 25 ಡಿಗ್ರಿ, ದಿನಕ್ಕೆ 16 ಗಂಟೆ ಬೆಳಕು.

ಬಾಟಲಿ ಓದುವುದು

ಮೊದಲ ವಾರ ದಿನವೂ ನೋಡಿ, ಆದರೆ ಬೂಸ್ಟಿಗಾಗಿ ಮಾತ್ರ. ಒಂದೆರಡು ದಿನದಲ್ಲೇ ತುಂಡಿನ ಸುತ್ತ ಹಾಲಿನಂಥ ಲೋಳೆ ಕಂಡರೆ ಬ್ಯಾಕ್ಟೀರಿಯಾ. ಮೂರರಿಂದ ಐದನೇ ದಿನ ಹತ್ತಿಯಂತೆ ಎದ್ದರೆ ಶಿಲೀಂಧ್ರ. ಎಲ್ಲಿ ಹುಟ್ಟಿತು ಎಂದು ನೋಡುವುದು ಮುಖ್ಯ. ತುಂಡಿನ ಬುಡದಿಂದಲೇ ಶುರುವಾಗಿದ್ದರೆ ಶುದ್ಧೀಕರಣ ಸಾಲದು. ತುಂಡಿನಿಂದ ದೂರ, ಮೀಡಿಯದ ಎಲ್ಲೆಂದರಲ್ಲಿ ಚುಕ್ಕೆ ಚುಕ್ಕೆಯಾಗಿದ್ದರೆ ಗಾಳಿಯೋ ಕೈಯೋ ಕಾರಣ. ತೆರೆದ ಬಾಟಲಿಯ ಮೇಲಿಂದ ತೋಳು ಹಾಯಿಸುವ ಅಭ್ಯಾಸ ಇದೆಯೇ ನೋಡಿಕೊಳ್ಳಿ. ಬಿಸಾಡುವ ಬಾಟಲಿಯನ್ನು ತೆರೆಯದೆ ಆಟೋಕ್ಲೇವಿಗೆ ಹಾಕಿ, ಆಮೇಲೆ ತೊಳೆಯಿರಿ.

ಏಳರಿಂದ ಹತ್ತು ದಿನಕ್ಕೆ ತುಂಡುಗಳು ಉಬ್ಬಿ, ಅಂಚು ಒರಟಾಗಿ ಮೇಲೇಳುತ್ತದೆ. ಎರಡರಿಂದ ಮೂರು ವಾರದಲ್ಲಿ ಒಂಬತ್ತು ಬಗೆಗಳು ಒಂಬತ್ತು ದಾರಿ ಹಿಡಿಯುತ್ತವೆ. ಎರಡೂ ಸೊನ್ನೆ ಇದ್ದಲ್ಲಿ ತುಂಡು ಸುಮ್ಮನೆ ಹಳದಿಯಾಗುತ್ತ ಕೂತಿರುತ್ತದೆ. ಎನ್‌ಎಎ 1, ಬಿಎಪಿ ಸೊನ್ನೆ ಇದ್ದಲ್ಲಿ ಅಂಚಿನಿಂದ ಬಿಳಿ ಬೇರು. ಎರಡೂ 1 ಇದ್ದಲ್ಲಿ ಕ್ಯಾಲಸ್ ದಪ್ಪಗೆ. ಬಿಎಪಿ 1, ಎನ್‌ಎಎ 0.1 ಇದ್ದಲ್ಲಿ ಹಸಿರು ಮೊಗ್ಗುಗಳ ಸಾಲು. ಬಿಎಪಿ ಒಂದೇ ಇದ್ದಲ್ಲೂ ಚಿಗುರು ಬಂದದ್ದು ನೋಡಿ ಹೊಸಬರಿಗೆ ಅಚ್ಚರಿಯಾಗುತ್ತದೆ. ಎಲೆಯೊಳಗೆ ಅದರದ್ದೇ ಆಕ್ಸಿನ್ ಇರುತ್ತದೆ. ನೀವು ಹೊರಗಿನಿಂದ ಹಾಕುವುದು ಒಳಗಿದ್ದುದಕ್ಕೆ ಸೇರಿಕೊಳ್ಳುತ್ತದೆ. ಇದೇ ಕಾರಣಕ್ಕೆ ಒಂದು ಬೆಳೆಯ ಪ್ರಮಾಣ ಇನ್ನೊಂದಕ್ಕೆ ಹೊಂದುವುದಿಲ್ಲ, ಅದೇ ಗಿಡದ ಎಳೆ ಎಲೆಯ ಪ್ರಮಾಣ ಬಲಿತ ಎಲೆಗೂ ಹೊಂದುವುದಿಲ್ಲ.

ಈ ಒಂಬತ್ತನ್ನು ಸಾಲಾಗಿ ಜೋಡಿಸಿ ಒಂದು ಫೋಟೊ ತೆಗೆದಿಡಿ. ಮುಂದೆ ಯಾವ ಬೆಳೆ ಹಿಡಿದರೂ ಇದೇ ಚೌಕಟ್ಟು, ಅಂಕಿಗಳು ಮಾತ್ರ ಬೇರೆ.

ಕಿತ್ತುಕೊಳ್ಳುವ ಹೊತ್ತು

ನಾಲ್ಕನೇ ವಾರ. ಬಿಎಪಿ 1 ಇರುವ ಬಾಟಲಿಯಲ್ಲಿ ಮೊಗ್ಗುಗಳು ಕಿಕ್ಕಿರಿದಿವೆ, ಎತ್ತರ ಅರ್ಧ ಸೆಂಟಿಮೀಟರ್. ಹೊಸಬರ ಕೈ ಇಲ್ಲೇ ತುರಿಸುತ್ತದೆ: ಇನ್ನಷ್ಟು ಬಿಎಪಿ ಹಾಕಿದರೆ ಇನ್ನೂ ಹೆಚ್ಚು ಬರಬಹುದಲ್ಲ? ಬರುತ್ತದೆ, ಮೊಗ್ಗು. ಗಿಡ ಬರುವುದಿಲ್ಲ. ಹೊಸ ಮೊಗ್ಗು ಹುಟ್ಟಿಸುವ ಸೈಟೋಕೈನಿನ್ನೇ ಚಿಗುರು ಉದ್ದವಾಗುವುದನ್ನೂ ಬೇರು ಬಿಡುವುದನ್ನೂ ತಡೆಯುತ್ತದೆ.

ಮೊಗ್ಗು ಕಣ್ಣಿಗೆ ಸ್ಪಷ್ಟವಾಗಿ ಎಲೆಯ ರೂಪ ತೋರಿಸಿದ ಕೂಡಲೇ ಗೊಂಚಲನ್ನು ಎರಡು ಮೂರು ಭಾಗ ಮಾಡಿ, ಬಿಎಪಿ 0.1 ಇರುವ ಅಥವಾ ಏನೂ ಇಲ್ಲದ ಮೀಡಿಯಕ್ಕೆ ಬದಲಿಸಿ. ತಂಬಾಕಿಗೆ ಏನೂ ಬೇಡ. ಎರಡು ಮೂರು ವಾರದಲ್ಲಿ ಚಿಗುರು 2 ಸೆಂಟಿಮೀಟರ್ ದಾಟುತ್ತದೆ. ಬಾಟಲಿಯ ಮುಚ್ಚಳಕ್ಕೆ ಬಿಗಿಯಾಗಿ ಪ್ಯಾರಾಫಿಲ್ಮ್ ಸುತ್ತಿದ್ದರೆ ಈ ಹಂತದಲ್ಲಿ ಅದನ್ನು ಬಿಚ್ಚಿ, ಗಾಳಿಯಾಡುವ ಮೈಕ್ರೋಪೋರ್ ಟೇಪ್ ಹಾಕಿ. ಮುಚ್ಚಿದ ಬಾಟಲಿಯಲ್ಲಿ ಗಿಡವೇ ಬಿಡುವ ಎಥಿಲಿನ್ ಎಂಬ ಅನಿಲ ಸೇರಿಕೊಳ್ಳುತ್ತದೆ, ತೇವವೂ ಹೆಚ್ಚುತ್ತದೆ. ನನ್ನ 10 ಮಿಲಿಗ್ರಾಂನ ಗಾಜಿನ ಎಲೆಗಳಿಗೆ ಅರ್ಧ ಕಾರಣ ಹಾರ್ಮೋನಾದರೆ ಅರ್ಧ ಕಾರಣ ಆ ಬಿಗಿ ಮುಚ್ಚಳ. ಎಲೆ ಗಾಜಾಗುತ್ತಿದೆ ಎನಿಸಿದರೆ ಬಿಎಪಿ ಇಳಿಸಿ, ಅಗಾರ್ ಸ್ವಲ್ಪ ಏರಿಸಿ, ಗಾಳಿ ಬಿಡಿ.

ಬೇರಿಗೆ, ಚಿಗುರನ್ನು ಕ್ಯಾಲಸ್ಸಿನಿಂದ ಪೂರ್ತಿ ಬಿಡಿಸಿ ಕತ್ತರಿಸಿಕೊಳ್ಳಿ. ಬುಡದಲ್ಲಿ ಕ್ಯಾಲಸ್ ಉಳಿದರೆ ಬೇರು ಅದರಿಂದಲೇ ಹುಟ್ಟಬಹುದು, ಆಗ ಬೇರಿನ ನಾಳಕ್ಕೂ ಕಾಂಡದ ನಾಳಕ್ಕೂ ಸಂಪರ್ಕ ಸರಿಯಾಗಿ ಇರುವುದಿಲ್ಲ. ನೋಡಲು ಬೇರು ಇದೆ, ನೀರು ಮೇಲೆ ಹೋಗದು. ಅರ್ಧ ಶಕ್ತಿಯ ಎಂಎಸ್, ಹಠಮಾರಿ ಬೆಳೆಗೆ ಐಬಿಎ 0.5 ಮಿಲಿಗ್ರಾಂ. ಹಿಂದಿನ ಬಿಎಪಿ ಗಿಡದೊಳಗೆ ಇನ್ನೂ ಉಳಿದಿದೆ ಎಂಬ ಅನುಮಾನವಿದ್ದರೆ ಲೀಟರಿಗೆ 1ರಿಂದ 2 ಗ್ರಾಂ ಆಕ್ಟಿವೇಟೆಡ್ ಚಾರ್ಕೋಲ್ ಹಾಕಿ ಒಂದು ಸುತ್ತು ಬೆಳೆಸಿ. ಆದರೆ ಚಾರ್ಕೋಲ್ ನೀವು ಹೊಸದಾಗಿ ಹಾಕಿದ ಐಬಿಎಯನ್ನೂ ಹೀರಿಕೊಳ್ಳುತ್ತದೆ, ಎರಡನ್ನೂ ಒಟ್ಟಿಗೆ ಹಾಕಿ ಬೇರು ಬರಲಿಲ್ಲ ಎನ್ನಬೇಡಿ.

ಭತ್ತ: ಇದೇ ಪಾಠ, ಇನ್ನೂ ಕಟ್ಟುನಿಟ್ಟು

ತಂಬಾಕು ತಪ್ಪನ್ನು ಕ್ಷಮಿಸುತ್ತದೆ. ಭತ್ತ ಕ್ಷಮಿಸುವುದಿಲ್ಲ. ಇಲ್ಲಿ ಎಲೆ ಬೇಡ, ಸಿಪ್ಪೆ ಸುಲಿದ ಬೀಜ ಬೇಕು. ಭ್ರೂಣಕ್ಕೆ ಅಂಟಿಕೊಂಡ ಸ್ಕುಟೆಲ್ಲಮ್ ಎಂಬ ಭಾಗದಿಂದ ಕ್ಯಾಲಸ್ ಹುಟ್ಟಿಸುತ್ತೇವೆ. ಭ್ರೂಣ ಮುರಿಯದ ಹಾಗೆ ಸುಲಿಯಿರಿ. ಎಥನಾಲ್ ಒಂದು ನಿಮಿಷ, 2 ಪ್ರತಿಶತ ಹೈಪೋಕ್ಲೋರೈಟ್ 20 ನಿಮಿಷ, ಐದು ಸಲ ತೊಳೆತ. ಭ್ರೂಣ ಮೇಲೆ ಬರುವಂತೆ ಎಂಎಸ್ ಅಥವಾ ಏಕದಳ ಧಾನ್ಯಗಳಿಗೆಂದು ಮಾಡಿದ ಎನ್6 ಮೀಡಿಯದ ಮೇಲಿಡಿ. 2,4-ಡಿ ಲೀಟರಿಗೆ 2 ಮಿಲಿಗ್ರಾಂ. ಕತ್ತಲೆ, 25ರಿಂದ 28 ಡಿಗ್ರಿ, ಮೂರರಿಂದ ನಾಲ್ಕು ವಾರ. ನಡುವೆ ಬೀಜ ಮೊಳಕೆ ಬಿಟ್ಟರೆ ಆ ಮೊಳಕೆಯನ್ನು ಕತ್ತರಿಸಿ ಎಸೆಯಿರಿ.

ಆಮೇಲೆ ಬರುವುದು ಆಯ್ಕೆ. ಇದನ್ನು ಬರೆದು ಕಲಿಸುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ಒಂದೇ ಬಾಟಲಿಯಲ್ಲಿ ಎರಡು ಜಾತಿಯ ಕ್ಯಾಲಸ್ ಇರುತ್ತದೆ. ಒಂದು ನೀರುನೀರಾಗಿ, ಮಸುಕು ಪಾರದರ್ಶಕವಾಗಿ, ಚಿಮಟಕ್ಕೆ ಅಂಟುವಂಥದ್ದು. ಬಲು ಬೇಗ ಬೆಳೆಯುತ್ತದೆ, ಗಾತ್ರ ನೋಡಿ ಮರುಳಾಗಬಾರದು. ಇನ್ನೊಂದು ತಿಳಿಹಳದಿ, ಒಣಒಣ, ಸಾಸಿವೆ ಕಾಳುಗಳನ್ನು ಒತ್ತಿ ಗುಂಪು ಮಾಡಿದಂತೆ. ಚಿಮಟ ಮುಟ್ಟಿಸಿದರೆ ಕಾಳು ಕಾಳಾಗಿ ಬಿಡುತ್ತದೆ. ಭ್ರೂಣ ಆಗುವುದು ಈ ಎರಡನೆಯದರಿಂದ. ನಾನು ಮೊದಲ ವರ್ಷ ದೊಡ್ಡದನ್ನೇ ಆರಿಸಿ ಆರಿಸಿ ಬೆಳೆಸಿದೆ. ಆರು ತಿಂಗಳಿಗೆ ಟ್ರೇಗಟ್ಟಲೆ ಕ್ಯಾಲಸ್ ಇತ್ತು, ಒಂದು ಗಿಡವೂ ಇರಲಿಲ್ಲ.

ಈಗ ಕಿತ್ತುಕೊಳ್ಳುವ ಹೊತ್ತು. 2,4-ಡಿ ಇರುವ ತನಕ ಕೋಶಗಳು ಭ್ರೂಣವಾಗುವ ಹೊಸ್ತಿಲಿನಲ್ಲೇ ನಿಂತಿರುತ್ತವೆ. ಭ್ರೂಣ ಮುಂದೆ ಹೋಗಬೇಕಾದರೆ ತಲೆ ಯಾವ ಕಡೆ, ಬುಡ ಯಾವ ಕಡೆ ಎಂದು ನಿರ್ಧಾರವಾಗಬೇಕು. ಅದಕ್ಕೆ ಆಕ್ಸಿನ್ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇರಬೇಕು. ಸುತ್ತಲೂ 2,4-ಡಿ ತುಂಬಿದ್ದರೆ ಆ ಏರಿಳಿತಕ್ಕೆ ಎಡೆ ಎಲ್ಲಿ? ಗಜ್ಜರಿ ಕೋಶಗಳಲ್ಲಂತೂ ಇದು ಅಚ್ಚುಕಟ್ಟು: 2,4-ಡಿ ಇದ್ದಾಗ ಮುದ್ದೆ, ತೆಗೆದರೆ ಸಾಲು ಸಾಲು ಭ್ರೂಣ. ಭತ್ತಕ್ಕೆ ಸ್ವಲ್ಪ ತಳ್ಳುವ ಕೈಯೂ ಬೇಕು. ಆರಿಸಿದ ಕಾಳುಗಳನ್ನು ಒಣ ಫಿಲ್ಟರ್ ಪೇಪರ್ ಹಾಕಿದ, ಮುಚ್ಚಿದ ಪೆಟ್ರಿ ಡಿಶ್ಶಿನಲ್ಲಿ ಒಂದರಿಂದ ಎರಡು ದಿನ ಬಿಡಿ. ತುಸು ಬಾಡಿದ ಕ್ಯಾಲಸ್ ಹೆಚ್ಚು ಗಿಡ ಕೊಡುತ್ತದೆ. ನಂತರ 2,4-ಡಿ ಇಲ್ಲದ ಮೀಡಿಯ: ಬಿಎಪಿ ಅಥವಾ ಕೈನೆಟಿನ್ 2 ಮಿಲಿಗ್ರಾಂ, ಎನ್‌ಎಎ 0.5 ಮಿಲಿಗ್ರಾಂ, ಬೆಳಕು. ಹತ್ತರಿಂದ ಹದಿನೈದು ದಿನಕ್ಕೆ ಹಸಿರು ಚುಕ್ಕೆ. ಜಪೋನಿಕಾ ತಳಿಗಳು ಬೇಗ ಒಲಿಯುತ್ತವೆ, ಇಂಡಿಕಾ ತಳಿಗಳಲ್ಲಿ ಅನೇಕವು ಬೆವರಿಳಿಸುತ್ತವೆ. ಅದು ನಿಮ್ಮ ಕೈಯ ದೋಷವಲ್ಲ, ತಳಿಯ ಗುಣ.

ಕ್ಯಾಲಸ್ಸನ್ನು ತಿಂಗಳುಗಟ್ಟಲೆ 2,4-ಡಿಯಲ್ಲೇ ಬೆಳೆಸಿಟ್ಟುಕೊಂಡರೆ ಗಿಡ ಕೊಡುವ ಶಕ್ತಿ ಇಳಿಯುತ್ತ ಹೋಗುತ್ತದೆ. ಬಂದ ಕೆಲವೂ ಬಿಳಿಚಿಕೊಂಡಿರಬಹುದು, ಹರಿತ್ತೇ ಇಲ್ಲದೆ. ಹಸಿರಾಗಿ ಬಂದವುಗಳಲ್ಲೂ ಗುಣ ಬದಲಾಗಿರಬಹುದು. ಇದಕ್ಕೆ ಸೋಮಾಕ್ಲೋನಲ್ ವ್ಯತ್ಯಾಸ ಎಂಬ ಹೆಸರನ್ನು 1981ರಲ್ಲಿ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಕೊಟ್ಟರು. ಎಣ್ಣೆತಾಳೆಯ ಕ್ಲೋನುಗಳಲ್ಲಿ ಇದು ದೊಡ್ಡ ತಲೆನೋವಾಯಿತು. ಚೆನ್ನಾಗಿ ಬೆಳೆದ ಮರಗಳು ಹೂ ಬಿಟ್ಟ ಮೇಲೆ ವಿಕಾರದ ಕಾಯಿ ಕೊಟ್ಟವು. ಡಿಎನ್‌ಎಯ ಅಕ್ಷರ ಕೆಟ್ಟಿರಲಿಲ್ಲ. ಕರ್ಮ ಎಂದು ಹೆಸರಿಟ್ಟ ಡಿಎನ್‌ಎಯಲ್ಲಿ ಜಾಗ ಬದಲಿಸಬಲ್ಲ ಒಂದು ಜಿಗಿಯುವ ತುಣುಕಿನ ಮೇಲಿದ್ದ ಮೀಥೈಲ್ ಗುರುತು ಅಳಿಸಿಹೋಗಿತ್ತು ಎಂದು 2015ರಲ್ಲಿ ತಿಳಿಯಿತು. ಹಾಗಾಗಿ ತಳಿ ಶುದ್ಧವಾಗಿ ಉಳಿಯಬೇಕಾದಲ್ಲಿ, ಉದಾಹರಣೆಗೆ ಬಾಳೆಯಲ್ಲಿ, ಕ್ಯಾಲಸ್ ದಾರಿಯನ್ನೇ ಬಿಟ್ಟು ಕಂದಿನ ಸುಳಿಯಿಂದ ನೇರವಾಗಿ ಚಿಗುರು ತೆಗೆಯುತ್ತಾರೆ, ಬದಲಿಸುವ ಸುತ್ತುಗಳಿಗೂ ಮಿತಿ ಹಾಕಿಕೊಳ್ಳುತ್ತಾರೆ. ನನ್ನ ಬಾಟಲಿಗಳ ಮೇಲೆ ಎಷ್ಟನೇ ಸುತ್ತು ಎಂಬ ಅಂಕಿ ಗಿಡದ ಹೆಸರಿಗಿಂತ ದೊಡ್ಡದಾಗಿರುತ್ತದೆ.

ಹೊರಗೆ ತರುವುದು

ಕೊನೆಗೆ ಕಿತ್ತುಕೊಳ್ಳುವುದು ಸಕ್ಕರೆಯನ್ನು ಮತ್ತು ತೇವವನ್ನು. ಬಾಟಲಿಯ ಎಲೆಗೆ ಮೇಣದ ಪೊರೆ ತೆಳು, ಪತ್ರರಂಧ್ರ ಮುಚ್ಚಲು ಬಾರದು. ಹೊರಗಿಟ್ಟ ಅರ್ಧ ಗಂಟೆಯಲ್ಲಿ ಜೋತುಬೀಳುತ್ತದೆ.

ಬೇರನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಬೆರಳಿನಿಂದ ಸವರುತ್ತ ಅಗಾರ್ ಪೂರ್ತಿ ತೆಗೆಯಿರಿ. ಉಳಿದ ಚೂರಿನಲ್ಲಿ ಸಕ್ಕರೆ ಇರುತ್ತದೆ, ಸಕ್ಕರೆ ಇದ್ದಲ್ಲಿ ಶಿಲೀಂಧ್ರ. ತೆಂಗಿನ ನಾರಿನ ಪುಡಿ ಮತ್ತು ವರ್ಮಿಕ್ಯುಲೈಟ್ ಬೆರೆಸಿ ತುಂಬಿದ ಟ್ರೇಯಲ್ಲಿ ನೆಟ್ಟು, ಪಾರದರ್ಶಕ ಮುಚ್ಚಳ ಹಾಕಿ. ಮೊದಲ ವಾರ ಮುಚ್ಚಳ ಪೂರ್ತಿ ಮುಚ್ಚಿರಲಿ, ನೇರ ಬಿಸಿಲು ಬೇಡ. ಎರಡನೇ ವಾರದಿಂದ ದಿನಕ್ಕಿಷ್ಟು ಸಂದು ಬಿಡುತ್ತ ಬನ್ನಿ. ಮೂರು ನಾಲ್ಕು ವಾರಕ್ಕೆ ಮುಚ್ಚಳ ಬೇಡವಾಗುತ್ತದೆ. ಗೊಬ್ಬರದ ಅವಸರ ಬೇಡ, ಅತಿ ನೀರಂತೂ ಬೇಡವೇ ಬೇಡ. ಬಾಟಲಿಯಲ್ಲಿ ಉಳಿದ ಗಿಡಗಳನ್ನು ಕೊನೆಗೆ ಇಲ್ಲಿ ನೀರು ಹಾಕಿ ಕೊಂದವರೇ ಹೆಚ್ಚು.

ಬಾಟಲಿಯಿಂದ ತಂದ ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರುತ್ತವೆ, ಗಾಬರಿ ಬೇಡ. ನೋಡಬೇಕಾದದ್ದು ನಡುವಿನ ಸುಳಿಯನ್ನು. ಅಲ್ಲಿಂದ ಬರುವ ಮೊದಲ ಹೊಸ ಎಲೆ ತುಸು ಗಿಡ್ಡ, ಬಣ್ಣ ಗಾಢ, ಬೆರಳಿಗೆ ಒರಟು. ಮುಚ್ಚಳ ತೆಗೆದು ಒಂದು ಮಧ್ಯಾಹ್ನ ಬಿಟ್ಟರೂ ಅದು ಬಾಡದಿದ್ದರೆ ಟ್ರೇಯ ಚೀಟಿಯ ಮೇಲೆ ಆ ದಿನಾಂಕ ಬರೆದು, ಕುಂಡಕ್ಕೆ ಬದಲಿಸಿ.